ಸಕ್ಕರೆ ಪಾಕದಲ್ಲಿ ಎದ್ದ ಆನೆ

ಕಡಲೆಗಿರಿ ಅಂತ ಒಂದು ರಾಜ್ಯ. ಅದರ ಪೇಟೆಯಲ್ಲಿ ತಾಯವ್ವ ಅನ್ನೋ ಮುದುಕಿ ಇದ್ದಳು. ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು, ಆರಿಸಿ ತಟ್ಟಿದಳೆಂದರೆ ಗಿಳಿ ಬೀಳಬೇಕು, ಮೀನು ಬೀಳಬೇಕು. ಅದನ್ನು ಮಾರಿಯೇ ಅವಳ ಜೀವನ.

ಒಂದು ದಿನ ಎಣ್ಣೆ ಅಂಗಡಿಯಲ್ಲಿ ಚಿಲ್ಲರೆ ಸಿಕ್ಕಿತು. ಮನೆಗೆ ಬಂದು ನೋಡುತ್ತಾಳೆ, ಒಂದು ಕಾಸು ವಿಚಿತ್ರ! ಆ ರಾಜ್ಯದ ಕಾಸಿಗೆ ಒಂದು ಕಡೆ ಬಲಕ್ಕೆ ಮುಖ ಮಾಡಿದ ಆನೆ, ಇನ್ನೊಂದು ಕಡೆ ಕೊಡೆ. ಈ ಕಾಸಿಗೆ ಕೊಡೆಯೇ ಇಲ್ಲ. ಅಲ್ಲೂ ಆನೆ. ಅದೂ ಉಬ್ಬಿದ ಆನೆಯಲ್ಲ, ಒಳಕ್ಕೆ ತಗ್ಗಿದ ಆನೆ. ಮುಖ ಎಡಕ್ಕೆ.

ಹೂವಿನವಳು ಬೇಡ ಅಂದಳು. ಉಪ್ಪಿನವನು ಬೇಡ ಅಂದ. ಬಳೆಗಾರ ದೂರದಿಂದಲೇ ಕೈ ಮುಗಿದ. ಕೊನೆಗೆ ನಾಣ್ಯ ಬದಲಿಸುವ ವಜ್ರಪ್ಪನ ಅಂಗಡಿಗೆ ಹೋದಳು.

ಕಾಸು ನೋಡಿದ್ದೇ ವಜ್ರಪ್ಪನ ಹುಬ್ಬು ಮೇಲೇರಿತು. ಬಾಯಿ ಮಾತ್ರ, "ಖೋಟಾ ಕಣವ್ವಾ. ಪಾಪ, ಎರಡು ಕಾಸು ಕೊಡ್ತೀನಿ, ಬಿಟ್ಟು ಹೋಗು" ಅಂದಿತು.

"ಬೇಡಪ್ಪಾ."

"ಹೋಗಲಿ, ಹತ್ತು."

"ಇರಲಿ ಬಿಡಪ್ಪಾ."

"ಒಂದು ವರಹ!"

ತಾಯವ್ವ ನಕ್ಕಳು. "ಅಲ್ಲಯ್ಯಾ, ಕೊಳೆತ ಬದನೆಕಾಯಿಗೆ ಯಾರಾದರೂ ಬೆಲೆ ಏರಿಸ್ತಾರಾ?" ಅಂತ ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದುಬಿಟ್ಟಳು.

ಅಷ್ಟರಲ್ಲಿ ಡಂಗುರ ಆಯಿತು. ರಾಜನಿಗೆ ಒಂದು ಹುಚ್ಚು ಆಸೆ ಹುಟ್ಟಿತ್ತು. "ಸರಿಯಾದ ಕಾಸು ಬೊಕ್ಕಸದಲ್ಲಿ ರಾಶಿ ಬಿದ್ದಿದೆ. ನಮ್ಮ ಟಂಕಸಾಲೆಯಲ್ಲಿ ಕೈತಪ್ಪಿ ಹುಟ್ಟಿದ ಕಾಸು ತಂದವರಿಗೆ ನೂರು ವರಹ! ಖೋಟಾ ತಂದವರಿಗೆ ಗಡಿಪಾರು!"

ತಾಯವ್ವ ಆಸ್ಥಾನಕ್ಕೆ ಹೋದಳು. ನೋಡಿದರೆ ವಜ್ರಪ್ಪ ಆಗಲೇ ಬಂದು ನಿಂತಿದ್ದಾನೆ! ಮೂರು ಕಾಸಿನ ಕೊಡೆ ಉಜ್ಜಿ, ಅಲ್ಲಿ ಉಳಿಯಿಂದ ತಗ್ಗು ಆನೆ ಕೊರೆದು ತಂದಿದ್ದಾನೆ.

"ಮಹಾಸ್ವಾಮಿ, ನನ್ನವು ಅಸಲು. ಈ ಮುದುಕಿಯದು ಖೋಟಾ. ಆನೆ ಎಡಕ್ಕೆ ತಿರುಗಿದೆ, ನೋಡಿ!"

ರಾಜ ನೋಡಿದ. ಹೌದಲ್ಲ! ವಜ್ರಪ್ಪನ ಆನೆಗಳೆಲ್ಲ ಬಲಕ್ಕೇ ಇವೆ. ಈ ವಯಸ್ಸಿನಲ್ಲಿ ಊರು ಬಿಟ್ಟು ಎಲ್ಲಿಗೆ ಹೋಗೋದು ಅಂದುಕೊಂಡಳು ತಾಯವ್ವ. ಆದರೆ ಆ ತಗ್ಗು ಆನೆ ನೋಡನೋಡುತ್ತ ಅವಳಿಗೆ ತನ್ನ ಮರದ ಗಿಳಿ ಅಚ್ಚು ನೆನಪಾಯಿತು.

"ಬುದ್ಧೀ, ಒಂದು ಸೌಟು ಸಕ್ಕರೆ ಪಾಕ ತರಿಸಿ."

ಪಾಕ ಬಂತು. ಕಾಸುಗಳಿಗೆ ತುಪ್ಪ ಸವರಿ, ಹೊಯ್ದು, ಆರಿಸಿ ತಟ್ಟಿದಳು. ವಜ್ರಪ್ಪನ ಮೊದಲ ಆನೆ ಎದ್ದಿತು, ಮುಖ ಎಡಕ್ಕೆ. ಎರಡನೆಯದು, ಎಡಕ್ಕೆ. ಮೂರನೆಯದೂ ಎಡಕ್ಕೆ. ತಾಯವ್ವನ ಕಾಸಿನಿಂದ ಎದ್ದ ಆನೆ ಬಲಕ್ಕೆ ನೋಡುತ್ತಿತ್ತು. ಥೇಟ್ ರಾಜ್ಯದ ಆನೆ!

"ಅಚ್ಚು ಯಾವತ್ತೂ ತಿರುಗುಮುರುಗು, ಬುದ್ಧೀ. ನನ್ನ ಕಾಸಿಗೆ ಇನ್ನೊಂದು ಕಾಸಿನ ಆನೆಯೇ ಒತ್ತಿದೆ. ಇವರವಕ್ಕೆ ಉಳಿ ಒತ್ತಿದೆ."

ಟಂಕಸಾಲೆಯಲ್ಲಿ ಕಾಸು ಹೊಡೆಯುವ ಮುನಿಯ ಕೈ ಮುಗಿದು ಮುಂದೆ ಬಂದ. "ನಿಜ ಬುದ್ಧೀ. ಹೊಡೆದ ಕಾಸು ಮೇಲಿನ ಅಚ್ಚಿಗೇ ಅಂಟಿಕೊಂಡಿತ್ತು. ನೋಡದೆ ಅದರ ಕೆಳಗೆ ಇನ್ನೊಂದು ಬಿಲ್ಲೆ ಇಟ್ಟು ಹೊಡೆದುಬಿಟ್ಟೆ. ತಪ್ಪಾಯಿತು."

ವಜ್ರಪ್ಪ ಗಂಟುಮೂಟೆ ಕಟ್ಟಿದ. ತಾಯವ್ವನಿಗೆ ನೂರು ವರಹ ಬಂತು.

"ಇನ್ನೇನು ಬೇಕು ತಾಯೀ?" ಅಂದ ರಾಜ.

"ಮುನಿಯನನ್ನು ಬಯ್ಯಬೇಡಿ ಬುದ್ಧೀ. ಅವನ ಕೈ ತಪ್ಪದಿದ್ದರೆ ಈ ಬಡವಿಯ ಮನೆಗೆ ಆನೆ ಎಲ್ಲಿಂದ ಬರುತ್ತಿತ್ತು?"

ರಾಜ ನಕ್ಕ. ಮುನಿಯ ಅತ್ತ. ಅಂದಿನಿಂದ ಪ್ರತಿ ಸಂಕ್ರಾಂತಿಗೆ ತಾಯವ್ವನ ಮೊದಲ ಸಕ್ಕರೆ ಆನೆ ಮುನಿಯನ ಮನೆಗೆ, ಎರಡನೆಯದು ಚಿಲ್ಲರೆ ಕೊಟ್ಟ ಎಣ್ಣೆ ಅಂಗಡಿಗೆ.

ಅದಕ್ಕೇ ಮಕ್ಕಳೇ, ಕೈತಪ್ಪಿ ಆದದ್ದಕ್ಕೂ ಬೆಲೆ ಬಂದೀತು, ಬೇಕೆಂದೇ ಮಾಡಿದ ಮೋಸಕ್ಕೆ ಬರದು. ಭಾಗ್ಯ ಯಾರ ಕೈಯಿಂದ ಬಂತೋ ಆ ಕೈಯನ್ನು ಮರೆಯಬಾರದು. ನಾಳೆ ಚಿಲ್ಲರೆ ಸಿಕ್ಕಿದಾಗ ಒಂದು ಸಲ ತಿರುಗಿಸಿ ನೋಡಿ. ಆನೆ ಸಿಕ್ಕರೆ ನಿಮಗೆ, ಸಕ್ಕರೆ ಎಲ್ಲರಿಗೆ!