ಕೋಚ್ ವಲೇರಿಯನ್‌ನ ಸ್ವರ ಹೋದಾಗ

ಕಡಲತಡಿಯ ಒಂದು ಊರಿನಲ್ಲಿ ವಲೇರಿಯನ್ ಎಂಬ ಫುಟ್ಬಾಲ್ ಆಟಗಾರನಿದ್ದ. ದೊಡ್ಡ ದೊಡ್ಡ ಕ್ಲಬ್ಬುಗಳಿಗೆ ಆಡಿದವನು. ಚೆಂಡು ಅವನ ಕಾಲಿಗೆ ಬಂತೆಂದರೆ ಜನ ಎದ್ದು ನಿಲ್ಲುತ್ತಿದ್ದರು. ಎದುರಾಳಿಗಳ ನಡುವೆ ಎಲ್ಲಿ ಜಾಗ ಸಿಗುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಅವನಿಗೆ ಕಾಣುತ್ತಿತ್ತು. ಕೊನೆಗೆ ಮೊಣಕಾಲಿನ ನೋವು ವಾಸಿಯಾಗದೆ ಆಟ ಬಿಟ್ಟು ಊರಿಗೆ ಬಂದ. ಊರಿನ ಕ್ಲಬ್ಬಿನವರು ಅವನನ್ನು ಕೋಚ್ ಮಾಡಿದರು.

ತಾನು ಕಲಿತದ್ದನ್ನೆಲ್ಲ ಹುಡುಗರಿಗೆ ಕೊಡಬೇಕೆಂಬ ಆಸೆ ಅವನಿಗೆ. ಪಂದ್ಯ ಶುರುವಾದರೆ ಗೆರೆಯ ಹೊರಗೆ ಅವನೂ ಓಡುತ್ತಿದ್ದ. ಎಡಕ್ಕೆ ಕೊಡು, ಹಿಂದೆ ಬಾ, ಈಗ ಹೊಡಿ ಎಂದು ಕೊನೆಯ ಸೀಟಿಯವರೆಗೂ ಕೂಗುತ್ತಿದ್ದ. ಅವನು ಹೇಳುವುದು ಸರಿಯಾಗಿಯೇ ಇರುತ್ತಿತ್ತು. ಆದರೆ ಅದು ಹುಡುಗರ ಕಿವಿಗೆ ಬಿದ್ದು ಅವರು ಕಾಲೆತ್ತುವಷ್ಟರಲ್ಲಿ ಆ ಜಾಗ ಮುಚ್ಚಿಹೋಗಿರುತ್ತಿತ್ತು. ಚೆಂಡು ಸಿಕ್ಕವನು ಮೊದಲು ಕೋಚ್‌ನ ಮುಖ ನೋಡುತ್ತಿದ್ದ. ತಂಡ ಸೋಲುತ್ತಾ ಹೋಯಿತು. ಸೋತಷ್ಟೂ ಅವನು ಇನ್ನೂ ಗಟ್ಟಿಯಾಗಿ ಕೂಗಿದ.

ಒಂದು ಬೆಳಿಗ್ಗೆ ಸ್ವರವೇ ಹೊರಡಲಿಲ್ಲ. ಡಾಕ್ಟರು ನೋಡಿ, ಒಂದು ತಿಂಗಳು ಪಿಸುಮಾತನ್ನೂ ಆಡಬಾರದು, ಆಡಿದರೆ ಸ್ವರ ಮರಳಿ ಬರುವ ಭರವಸೆ ಇಲ್ಲ ಎಂದರು.

ಆ ತಿಂಗಳಲ್ಲೇ ಲೀಗಿನ ಕೊನೆಯ ಪಂದ್ಯ. ಸೋತರೆ ತಂಡ ಕೆಳಗಿನ ಡಿವಿಜನ್ನಿಗೆ ಇಳಿಯುತ್ತಿತ್ತು. ಹಾಗಾದರೆ ಕೋಚ್‌ನನ್ನು ಬದಲಿಸುವುದಾಗಿ ಕ್ಲಬ್ಬಿನವರು ಆಗಲೇ ಹೇಳಿದ್ದರು. ಹೆಂಡತಿ ಜೆಸಿಂತಾ, ಮೈದಾನಕ್ಕೆ ಹೋಗುವುದೇ ಬೇಡ, ನಿಮಗೆ ಸುಮ್ಮನಿರಲು ಆಗುವುದಿಲ್ಲ ಎಂದಳು. ಅವನು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕುಳಿತ.

ಆಟ ಶುರುವಾಯಿತು. ಹುಡುಗರು ಎಂದಿನಂತೆ ಅವನ ಕಡೆ ನೋಡಿದರು. ಕೂಗು ಬರಲಿಲ್ಲ. ಹಾಗೆ ನೋಡುತ್ತಿರುವಾಗಲೇ ಎದುರಾಳಿಗಳು ಗೋಲು ಹೊಡೆದರು. ವಲೇರಿಯನ್ ಎದ್ದು ನಿಂತ. ಮೈದಾನದ ಎಡಗಡೆ ಖಾಲಿ ಬಿದ್ದದ್ದು ಅವನಿಗೆ ಕಾಣುತ್ತಿತ್ತು. ಸ್ವರ ಹೋದರೆ ಹೋಗಲಿ, ಒಂದು ಮಾತು ಕೂಗಿಯೇ ಬಿಡುತ್ತೇನೆ ಎಂದು ಉಸಿರೆಳೆದುಕೊಂಡ.

ಅಷ್ಟರಲ್ಲಿ ಗೋಲ್‌ಕೀಪರ್ ತೌಸೀಫ್ ಬಲೆಯಿಂದ ಚೆಂಡು ತೆಗೆದುಕೊಂಡು ನಡುಮೈದಾನದವರೆಗೆ ನಡೆದು ಬಂದ. ಆಟದಲ್ಲಿ ಅವನು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅವನು ಜೊತೆಗಾರರನ್ನು ಹತ್ತಿರ ಕರೆದು ಹೇಳಿದ್ದು ಬೆಂಚಿಗೂ ಕೇಳಿಸಿತು.

"ಸರ್ ಇವತ್ತು ಹೇಳುವುದಿಲ್ಲ. ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುವ. ಲತೀಶ, ಎಡಗಡೆ ಯಾರೂ ಇಲ್ಲ, ನನಗೆ ಹಿಂದಿನಿಂದ ಕಾಣ್ತದೆ. ನೀನು ಅಲ್ಲಿ ಹೋಗು."

ವಲೇರಿಯನ್ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟು ಕುಳಿತುಕೊಂಡ.

ಆಮೇಲೆ ಮೈದಾನದ ತುಂಬ ಮಾತು. ಕೆಲವು ತಪ್ಪು ಮಾತು, ಕೆಲವು ಜಗಳದ ಮಾತು. ಒಮ್ಮೆ ಇಬ್ಬರು ಒಂದೇ ಚೆಂಡಿಗೆ ಓಡಿ ಡಿಕ್ಕಿ ಹೊಡೆದುಕೊಂಡು ಬಿದ್ದರು. ಆದರೂ ಯಾರೂ ಬೆಂಚಿನ ಕಡೆ ತಿರುಗಲಿಲ್ಲ. ಆಟ ಮುಗಿಯುವ ಹೊತ್ತಿಗೆ ಲತೀಶ ಎಡಗಡೆಯಿಂದ ನುಗ್ಗಿದ. ವಲೇರಿಯನ್ ಆಗಿದ್ದರೆ ಸೀದಾ ಗೋಲಿಗೆ ಹೊಡೆಯುತ್ತಿದ್ದ. ಲತೀಶ ಹೊಡೆಯಲಿಲ್ಲ. ಕೋಚ್‌ನ ಕಣ್ಣಿಗೂ ಬೀಳದಿದ್ದ ಸಣ್ಣ ಸಂದಿಯಲ್ಲಿ ಚೆಂಡನ್ನು ಜೊತೆಗಾರನಿಗೆ ದಾಟಿಸಿದ. ಗೋಲಾಯಿತು. ಪಂದ್ಯ ಸಮವಾಯಿತು, ತಂಡ ಉಳಿಯಿತು.

ತಿಂಗಳು ಕಳೆದು ವಲೇರಿಯನ್‌ಗೆ ಸ್ವರ ಬಂತು. ಅಭ್ಯಾಸಕ್ಕೆ ಬಂದ ಹುಡುಗರು ಅವನೇನು ಹೇಳುತ್ತಾನೋ ಎಂದು ಸಾಲಾಗಿ ನಿಂತು ಕಾದರು. ಅವನು ಚೆಂಡನ್ನು ಲತೀಶನ ಕಾಲ ಬಳಿ ಉರುಳಿಸಿದ.

"ಆವತ್ತು ಆ ಸಂದಿ ನಿನಗೆ ಹೇಗೆ ಕಂಡಿತು, ಲತೀಶ? ನನಗೂ ಸ್ವಲ್ಪ ತೋರಿಸು."

ಲತೀಶ ನಾಚಿಕೊಳ್ಳುತ್ತಲೇ ಚೆಂಡಿಟ್ಟು ತೋರಿಸಿದ. ಉಳಿದವರು ನಾನೂ ತೋರಿಸುತ್ತೇನೆ ಎಂದು ಮುಂದೆ ಬಂದರು.

ನೀತಿ: ಎಲ್ಲವನ್ನೂ ನಾವೇ ಹೇಳಿಕೊಡುತ್ತಿದ್ದರೆ ಕಲಿಯುವವರು ನಮ್ಮ ಮುಖ ನೋಡುವುದನ್ನಷ್ಟೇ ಕಲಿಯುತ್ತಾರೆ. ತಾವೇ ನೋಡಿ, ಯೋಚಿಸಿ, ತಪ್ಪು ಮಾಡಿ ತಿದ್ದಿಕೊಳ್ಳಲು ಅವರಿಗೆ ಬಿಡುವುದೂ ಕಲಿಸುವ ಕೆಲಸವೇ.