ಕಲ್ಲು ಕುಟ್ಟೋ ಓಬಕ್ಕನ ನೆಂಟಸ್ತನ

ಒಂದಾನೊಂದು ಕಾಲದಲ್ಲಿ, ಹಿಟ್ಟಿನ ಗಿರಣಿ ಅನ್ನೋದನ್ನ ಯಾರೂ ಕಂಡಿರದಿದ್ದ ಕಾಲದಲ್ಲಿ, ಹೊಂಗೇನಹಳ್ಳಿ ಅಂತ ಒಂದು ಊರಿತ್ತಂತೆ ಮರೀ. ಆ ಊರಲ್ಲಿ ಚೆನ್ನಾಜಮ್ಮ ಅಂತ ಒಬ್ಬ ದೊಡ್ಡ ಗರತಿ. ಗಂಡ ತೀರಿಕೊಂಡಿದ್ದ, ಮೂರು ಜನ ಗಂಡುಮಕ್ಕಳು, ಮನೆ ತುಂಬ ಸೊಸೆಯರು, ಒಂದೇ ಒಂದು ಮೊಮ್ಮಗಳು. ಆ ಮೊಮ್ಮಗಳಿಗೆ ಒಂದು ಬೇಸಿಗೇಲಿ ಅಮ್ಮ ಎದ್ದು, ಮೈಯೆಲ್ಲ ಬೊಕ್ಕೆಯಾಗಿ, ಏಳು ದಿನ ಕಣ್ಣೇ ಬಿಡಲಿಲ್ಲವಂತೆ. ಆಗ ಚೆನ್ನಾಜಮ್ಮ ಒದ್ದೆ ಸೀರೇಲಿ ಊರಮ್ಮನ ಗುಡಿ ಮುಂದೆ ನಿಂತು, ತಾಯೀ, ಮಗು ಕಣ್ಣು ಬಿಟ್ಟರೆ ನಮ್ಮ ಮನೆ ಕಲ್ಲಲ್ಲೇ ಬೀಸಿದ ಹಿಟ್ಟಲ್ಲಿ ತಂಬಿಟ್ಟಿನಾರತಿ ಮಾಡಿ ಹೊತ್ತು ತರ್ತೀನಿ ಅಂತ ಹರಕೆ ಕಟ್ಟಿಕೊಂಡಳಂತೆ. ಎಂಟನೇ ದಿನ ಮಗು ಕಣ್ಣು ಬಿಟ್ಟು, ಅಜ್ಜೀ ನೀರು ಅಂದಿತಂತೆ.

ಹರಕೆ ತೀರಿಸೋಕೆ ಪೂಜಾರಿ ಒಂದು ಮಂಗಳವಾರ ಗೊತ್ತು ಮಾಡಿಕೊಟ್ಟ. ಚೆನ್ನಾಜಮ್ಮ ನಾಲ್ಕು ದಿನ ಮುಂಚೇನೇ ಒಂದು ಹಿಡಿ ಅಕ್ಕಿ ಹಾಕಿ ಬೀಸಿ ನೋಡಿದರೆ, ಹಾಕಿದ ಅಕ್ಕಿ ಹಾಕಿದ ಹಾಗೇ ಹೊರಗೆ ಬಂತಂತೆ. ಕಲ್ಲು ಸವೆದು ಕನ್ನಡಿ ಥರ ನುಣ್ಣಗಾಗಿಬಿಟ್ಟಿತ್ತು. ವರ್ಷಕ್ಕೊಂದು ಸಲ ಉಳೀಲಿ ಕುಟ್ಟಿ ಅದನ್ನ ಒರಟು ಮಾಡಿಕೊಡ್ತಿದ್ದೋನು ಗಂಡ. ಅವನು ಹೋದ ಮೇಲೆ ಕಲ್ಲಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಪಕ್ಕದ ಮನೇಲಿ ಬೀಸಿಕೊಳ್ಳೋಣ ಅಂದರೆ, ಹರಕೆ ಹೊತ್ತದ್ದು ನಮ್ಮ ಮನೆ ಕಲ್ಲು ಅಂತ. ದೇವರಿಗೆ ಕೊಟ್ಟ ಮಾತು ತಿರುಗಿಸೋಕಾಗುತ್ತಾ?

ಆಮೇಲೆ ದೊಡ್ಡ ಮಗ, ಇದೇನು ಮಹಾ ಅಂತ ಹಾರೆ ತಂದು ಒಂದೇಟು ಹಾಕಿದ, ಕಲ್ಲಿನ ಅಂಚು ಹಾರಿಹೋಯಿತು. ಆಮೇಲೆ ನಡುವಿನವನು ಮರಳು ಹಾಕಿ ಉಜ್ಜೀ ಉಜ್ಜೀ, ಮುಂಚಿಗಿಂತ ನುಣ್ಣಗೆ ಮಾಡಿಟ್ಟ. ಆಮೇಲೆ ಕಿರಿಯವನು, ನಿಮಗೆಲ್ಲ ಭಕ್ತಿ ಸಾಲದು ಅಂತ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು ಅಡ್ಡಬಿದ್ದನಂತೆ. ಕಲ್ಲು ಕಲ್ಲಿನ ಹಾಗೇ ಕೂತಿತ್ತು. ಮರದ ದಿಂಡಿನ ಹಾಗೆ ಮೂರು ಜನ ಇದ್ದೀರಲ್ಲೋ, ಒಂದು ಕಲ್ಲು ನಿಮ್ಮ ಮಾತು ಕೇಳಲ್ವಲ್ಲೋ ಅಂತ ಚೆನ್ನಾಜಮ್ಮ ಹಣೆ ಚಚ್ಚಿಕೊಂಡಳಂತೆ.

ಊರಲ್ಲಿ ಕಮ್ಮಾರ, ಬಡಗಿ, ಕುಂಬಾರ ಎಲ್ಲ ಇದ್ದರು. ಆದರೆ ಅವರಿಗೆ ಕಲ್ಲಿನ ಕೆಲಸ ಬಾರದು. ಅದೂ ಅಲ್ಲದೆ ಅವರೆಲ್ಲ ಮುತ್ತಾತನ ಕಾಲದಿಂದ ಮನೆಯವರ ಹಾಗೇ ಇದ್ದು, ಸುಗ್ಗೀಲಿ ಕಣಕ್ಕೆ ಬಂದು ತಮ್ಮ ಪಾಲು ತಗೊಂಡು ಹೋಗೋರು. ಗುರುತಿಲ್ಲದವರನ್ನ ಬೀದಿಯಿಂದ ಕೂಗಿ ಕರೆದು, ಕೂಲಿ ಮಾತಾಡಿ ಕೆಲಸ ಮಾಡಿಸೋದು ಚೆನ್ನಾಜಮ್ಮನಿಗೆ ಹುಟ್ಟಿದಾಗಿಂದ ಗೊತ್ತಿಲ್ಲ.

ಶನಿವಾರ ಬೆಳಗ್ಗೆ ಬೀದೀಲಿ ಒಂದು ಕೂಗು ಕೇಳಿಸಿತಂತೆ. ಕಲ್ಲು ಕುಟ್ಟಿಸ್ತೀರೇನ್ರವ್ವಾ, ಕಲ್ಲೂ! ನೋಡಿದರೆ ತಲೆ ಮೇಲೆ ಗಂಟು, ಸೊಂಟದಲ್ಲಿ ಉಳಿ ಸುತ್ತಿಗೆ ಸಿಕ್ಕಿಸಿಕೊಂಡ ಹೆಂಗಸು. ಹೆಸರು ಓಬಕ್ಕ, ಕಾಲು ಕರೆದುಕೊಂಡು ಹೋದದ್ದೇ ಅವಳ ಊರು. ಅರ್ಧ ದಿನದ ಕೆಲಸ ಕಣವ್ವ, ಒಂದು ಮೊರ ರಾಗಿ ಕೊಡು ಸಾಕು ಅಂದಳಂತೆ. ಚೆನ್ನಾಜಮ್ಮನಿಗೆ ಊರಮ್ಮನೇ ಕಳಿಸಿಕೊಟ್ಟ ಹಾಗಾಗಿ, ಬಾ ತಾಯಿ ಅಂತ ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಬಿಸಿ ಮುದ್ದೆ ಅವರೆಕಾಳಿನ ಸಾರು ಬಡಿಸಿದಳು.

ಉಂಡೆದ್ದು ಓಬಕ್ಕ ಉಳಿ ತೆಗೆದಳು ನೋಡು, ಚೆನ್ನಾಜಮ್ಮ ಅಡ್ಡ ಬಂದು ನಿಂತಳಂತೆ. ಯಾಕೆ ಅಂದರೆ ಆ ಮನೇಲಿ ಮಣೆ ಮೇಲೆ ಕೂತು ಉಂಡವರು ನೆಂಟರು. ನೆಂಟರ ಕೈಲಿ ಕಡ್ಡಿ ಎತ್ತಿಸಬಾರದು. ಅವಳ ಅತ್ತೆ ಹಾಗೆ ಕಲಿಸಿದ್ದಳು, ಅತ್ತೆಗೆ ಅವಳ ಅತ್ತೆ. ಅಯ್ಯೋ, ಉಂಡ ಕೈ ಇನ್ನೂ ಒಣಗಿಲ್ಲ, ಮಲಕ್ಕೊಳ್ಳೇ ತಾಯಿ ಅಂತ ಚಾಪೆ ಹಾಸಿಕೊಟ್ಟಳು. ಭಾನುವಾರ ಶಾವಿಗೆ ಪಾಯಸ. ಓಬಕ್ಕ ಕಲ್ಲಿನ ಕಡೆ ಹೆಜ್ಜೆ ಇಟ್ಟರೆ, ಬಂದವರನ್ನ ದುಡಿಸಿಕೊಂಡಳು ಅಂತ ಊರವರು ನನ್ನ ಮುಖಕ್ಕೆ ಉಗೀತಾರೆ ಅಂತ ಕೈ ಹಿಡಿದು ಕೂರಿಸಿದಳು. ಸೋಮವಾರ ಹರಳೆಣ್ಣೆ ಹಚ್ಚಿ ನೀರು ಹಾಕಿ, ತಲೆ ಬಾಚಿ ಕನಕಾಂಬರ ಮುಡಿಸಿದಳಂತೆ. ಒಂದು ಕಡೆ ಉಪಚಾರ, ಇನ್ನೊಂದು ಕಡೆ, ನಾಳೆ ಮಂಗಳವಾರ, ನನ್ನ ಹರಕೆ ಗತಿ ಏನಮ್ಮಾ ಅಂತ ಒಳಗೊಳಗೇ ಸಂಕಟ.

ಏನಂದೆ? ಬಾಯಿ ಬಿಟ್ಟು ಹೇಳಬಾರದಿತ್ತಾ ಅಂತೀಯಾ? ಹೇಳಬೇಕಿತ್ತು ಮರೀ. ಕೊಟ್ಟು ಅಭ್ಯಾಸ ಇದ್ದ ಬಾಯಿ ಅದು, ಕೇಳಿ ಅಭ್ಯಾಸ ಇರಲಿಲ್ಲ.

ಹೂ ಮುಡಿಸಿದ್ದೇ ಓಬಕ್ಕನ ಕಣ್ಣಲ್ಲಿ ನೀರು ಬಂತಂತೆ. ಅವ್ವಾ, ನಾನೇನು ನಿನ್ನ ಬೀಗಿತ್ತಿನಾ? ನನ್ನ ಕೆಲಸ ಚೆನ್ನಾಗಿಲ್ಲ ಅಂತ ಯಾರಾದರೂ ಚಾಡಿ ಹೇಳಿದರಾ? ಹತ್ತೂರು ತಿರುಗಿದೀನಿ, ನನ್ನ ತಲೆಗೆ ಎಣ್ಣೆ ಹಚ್ಚಿದೋರು ನನ್ನ ಹೆತ್ತವ್ವ ಬಿಟ್ಟರೆ ನೀನೇ. ಆದರೆ ಕೈ ಕಟ್ಟಿ ಕೂರಿಸಿ ಉಣ್ಣೋಕಿಟ್ಟರೆ ನನಗೆ ತುತ್ತು ಗಂಟಲಲ್ಲಿ ಇಳಿಯಲ್ಲ ಕಣವ್ವ ಅಂದಳಂತೆ. ಚೆನ್ನಾಜಮ್ಮ ನಾಚಿಕೆಯಿಂದ ಹರಕೆ ವಿಷಯ ಎಲ್ಲ ಹೇಳಿಕೊಂಡು, ನೆಂಟಳಾದವಳಿಗೆ ಹೇಗಮ್ಮ ಕೆಲಸ ಹೇಳಲಿ ಅಂತ ಅತ್ತಳು.

ಅಷ್ಟೇನಾ ಅಂತ ಓಬಕ್ಕ ಕಣ್ಣೊರೆಸಿಕೊಂಡು, ಗಂಟು ತಲೆ ಮೇಲಿಟ್ಟು, ಹೊಸ್ತಿಲು ದಾಟಿ ಬೀದಿಗೇ ಹೋಗಿಬಿಟ್ಟಳಂತೆ. ಈಗ ನಾನು ನೆಂಟಳಲ್ಲ, ಕೂಲಿಯವಳು. ಕೂಲಿಯವಳನ್ನ ಕರೆಯೋ ಹಾಗೆ ಸರಿಯಾಗಿ ಕರಿ ಅಂತ ಹೇಳಿ ಕೂಗು ಹಾಕಿದಳು. ಕಲ್ಲು ಕುಟ್ಟಿಸ್ತೀರೇನ್ರವ್ವಾ! ಚೆನ್ನಾಜಮ್ಮ ಅಭ್ಯಾಸಬಲದಿಂದ, ಬಾ ತಾಯಿ, ನೀರು ಕುಡಿ ಅಂದುಬಿಟ್ಟಳು. ಓಬಕ್ಕ ತಲೆ ಅಲ್ಲಾಡಿಸಿ ನಾಲ್ಕು ಹೆಜ್ಜೆ ಮುಂದೆ ಹೋದಳು, ಮತ್ತೆ ಕೂಗಿದಳು. ಬಾ ತಾಯಿ, ಬಿಸಿಲಲ್ಲಿ ನಿಲ್ಲಬೇಡ ಅಂದಳು ಚೆನ್ನಾಜಮ್ಮ. ಜಗಲಿ ಮೇಲಿದ್ದ ಮೂರು ಮಕ್ಕಳಿಗೂ ನಗು ತಡೀಲಿಲ್ಲ. ಓಬಕ್ಕ ಬೀದಿ ತಿರುವು ಮುಟ್ಟಿ ಮೂರನೇ ಸಲ ಕೂಗಿದಳು. ಆಗ ಚೆನ್ನಾಜಮ್ಮ ಸೆರಗು ಬಿಗಿದುಕೊಂಡು, ಊರಿಗೆಲ್ಲ ಕೇಳೋ ಹಾಗೆ, ಓಬಕ್ಕಾ, ನನ್ನ ಕಲ್ಲು ಕೆಟ್ಟಿದೆ, ನನ್ನ ಕೈಲೂ ಆಗಲ್ಲ, ನನ್ನ ಮಕ್ಕಳ ಕೈಲೂ ಆಗಲ್ಲ, ಬಂದು ಕುಟ್ಟಿಕೊಡೇ ಅಂದಳಂತೆ.

ಓಡಿ ಬಂದಳಂತೆ ಓಬಕ್ಕ. ಮೇಲಿನ ಕಲ್ಲು ಮಗುಚಿ ಹಾಕಿ, ನಡುವಿಂದ ಅಂಚಿಗೆ ಟಕ್ ಟಕ್ ಅಂತ ರಾಗಿಕಾಳಿನಷ್ಟು ಗುಳಿ ಇಡ್ತಾ ಬಂದಳು. ಆಮೇಲೆ ಕೆಳಗಿನ ಕಲ್ಲು. ಹಾರೆ ಹಾಕಿದ ಅಂಚು ನೋಡಿ, ಯಾವ ಜಟ್ಟಿ ಕೆಲಸ ಇದು ಅಂದಾಗ ದೊಡ್ಡ ಮಗ ಹಿತ್ತಲಿಗೆ ಹೋದನಂತೆ. ಹೊತ್ತು ಇಳಿಯೋ ಮುಂಚೆ ಕೆಲಸ ಮುಗೀತು. ಮೊದಲ ಹಿಡಿ ಬೀಸಿ, ಇದರಲ್ಲಿ ಕಲ್ಲುಪುಡಿ ಇರುತ್ತೆ ಅಂತ ಮಣ್ಣಿಗೆ ಚೆಲ್ಲಿಸಿ, ಎರಡನೇ ಹಿಡಿ ಹಾಕಿದರೆ, ಬೂದಿಯಷ್ಟು ನುಣ್ಣನೆ ಹಿಟ್ಟು ಕಲ್ಲಿನ ಸುತ್ತ ಬೆಳ್ಳಗೆ ಉದುರಿತಂತೆ. ಚೆನ್ನಾಜಮ್ಮ ಆ ಹಿಟ್ಟು ಕಣ್ಣಿಗೊತ್ತಿಕೊಂಡಳು. ಕೂಲಿ ರಾಗೀನ ಎರಡೂ ಕೈಯಲ್ಲಿ ಕೊಟ್ಟಳು.

ಮಂಗಳವಾರ ತಂಬಿಟ್ಟಿನಾರತಿ ಹೊತ್ತು ಗುಡಿಗೆ ಹೋದರು. ಮೊಮ್ಮಗಳು ಅಜ್ಜಿ ಸೆರಗು ಹಿಡಿದು ಹಿಂದೆ, ಓಬಕ್ಕ ಪಕ್ಕದಲ್ಲಿ. ತಾಯೀ, ಕೇಳಿದ್ದು ಕೊಟ್ಟೆ, ಕೇಳೋದನ್ನೂ ಕಲಿಸಿಕೊಟ್ಟೆ, ಇವಳ ಕೈಗೆ ನೋವು ಬರದ ಹಾಗೆ ನೋಡಿಕೋ ಅಂತ ಚೆನ್ನಾಜಮ್ಮ ಕೈ ಮುಗಿದಳಂತೆ. ಆಮೇಲೆ ಓಬಕ್ಕ ತನ್ನ ದಾರಿ ಹಿಡಿದಳು.

ಆವತ್ತಿಂದ ಚೆನ್ನಾಜಮ್ಮ ಬೀಸೋಕೆ ಕೂತರೆ, ರಾಗಿ ಕೊಟ್ಟ ಭೂಮಿತಾಯಿಗೆ ಒಂದು ಪದ, ಹೆತ್ತ ತಾಯಿಗೆ ಒಂದು ಪದ, ಕಲ್ಲು ಕುಟ್ಟಿದ ಓಬಕ್ಕನಿಗೆ ಒಂದು ಪದ ಹಾಡಿಯೇ ಕಲ್ಲು ತಿರುಗಿಸೋಳಂತೆ. ಅವಳಿಂದ ಸೊಸೆಯರು ಕಲಿತರು, ಸೊಸೆಯರಿಂದ ಊರು ಕಲಿತಿತು. ಓಬಕ್ಕ ಯಾರು ಅಂತ ಗೊತ್ತಿಲ್ಲದ ಹುಡುಗಿಯರೂ ಅವಳನ್ನ ನೆನೆದು ಬೀಸ್ತಿದ್ದರಂತೆ. ಎಲ್ಲ ಮನೇಲೂ ಹಿಟ್ಟಾಯಿತು, ಎಲ್ಲರ ಹೊಟ್ಟೇನೂ ತಣ್ಣಗಾಯಿತು, ಕತೆಯೂ ಮುಗೀತು ಕಂದಾ.