ವೆಂಕೋಬ ಹೆಲ್ಮೆಟ್ ತಂದದ್ದು

ಹೊಳೆದಂಡೆಯ ಗೋಪಾಲದೇವರ ಆಶ್ರಮದಲ್ಲಿ ತಿರುಕಪ್ಪಜ್ಜನವರು ಇದ್ದಾಗ ನಡೆದದ್ದು ಇದು. ಅವರ ಪಾದ ನೆನೆದು ಹೇಳುತ್ತೇನೆ.

ಆಶ್ರಮದ ಹಿಂದೆ ಬಂಡೆಗಲ್ಲಿನ ಗುಡ್ಡ. ಗುಡ್ಡದಾಚೆ ಕುರಿಗಾರರ ಒಂದು ದೊಡ್ಡಿ. ಅಲ್ಲಿ ದುರ್ಗವ್ವ ಎಂಬ ಮುದುಕಿ ಕಾಲಿನ ಹುಣ್ಣಿನಿಂದ ಹಾಸಿಗೆ ಹಿಡಿದಿದ್ದಳು. ಅಜ್ಜನವರು ಕಾಯಿಸಿದ ಎಣ್ಣೆಯನ್ನು ದಿನಾ ಮುಂಜಾನೆ ಒಯ್ದು, ಹುಣ್ಣಿಗೆ ಹಚ್ಚಿ, ಪಟ್ಟಿ ಕಟ್ಟಿ ಬರುವುದು ಶಿಷ್ಯ ವೆಂಕೋಬನ ಸೇವೆ.

ನಡೆದು ಹೋಗಿಬರಲು ಇಡೀ ದಿನ ಹಿಡಿಯುತ್ತಿತ್ತು. ಭಕ್ತರೊಬ್ಬರು ಗುಡ್ಡ ಹತ್ತುವ ಗೇರಿನ ಸೈಕಲ್ಲು, ಮೌಂಟೇನ್ ಬೈಕು ಅನ್ನುತ್ತಾರಲ್ಲ, ಅದನ್ನು ತಂದುಕೊಟ್ಟರು. ಆಮೇಲೆ ವೆಂಕೋಬ ಮಧ್ಯಾಹ್ನದ ನೈವೇದ್ಯದ ಹೊತ್ತಿಗೆ ಹೊಳ್ಳಿ ಬರತೊಡಗಿದ.

ಒಂದು ದಿನ ಹೊಳ್ಳಿ ಬಂದಾಗ ಹುಬ್ಬಿನ ಮೇಲೆ ರಕ್ತ ಇತ್ತು. ಮುಖದ ಮೇಲೆ ನಗು ಇತ್ತು.

"ಇಳಿಜಾರಿನಾಗ ಗಾಲಿ ಜಾರಿತು ಅಜ್ಜಾ. ತಲಿ ಬಂಡೆಗಲ್ಲಿಗೆ ಬಡೀತು. ಗೋಪಾಲ ಕಾದ."

ಅಜ್ಜನವರು ಗಾಯ ತೊಳೆದರು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದರು.

"ನಾಳಿಂದ ಹೆಲ್ಮೆಟ್ ಇಲ್ದ ಸೈಕಲ್ ಮುಟ್ಟಬ್ಯಾಡ," ಅಂದರು.

ವೆಂಕೋಬನಿಗೆ ಇದು ಸರಿ ಕಾಣಲಿಲ್ಲ.

"ಗೋಪಾಲ ಇದ್ದಾನಲ್ಲ ಅಜ್ಜಾ. ಮತ್ತ ಈ ಶರೀರ ಮಣ್ಣಿನ ಗಡಿಗಿ ಅಂತ ನೀವ ಹೇಳಿದ್ರಿ."

"ಹೇಳೀನಿ. ಗಡಿಗಿ ಒಡದ್ರ ದುರ್ಗವ್ವಗ ಎಣ್ಣಿ ಯಾವುದರಾಗ ಕಳಸೂನು?"

ವೆಂಕೋಬ ಹುಬ್ಬಿನ ಗಾಯ ಮುಟ್ಟಿ ನೋಡಿಕೊಂಡ.

"ಪೇಟಿಗೆ ಹೋಗಿ ತಗೊಂಡು ಬಾ. ಬೆಲಿ ನಮ್ಮ ಕೈಗೆ ಎಟುಕೂವಂಥದ್ದು ಇರಬೇಕು. ಹಾಕ್ಕೊಂಡದ್ದು ಮರತು ಹೋಗಬೇಕು. ನೋಡಾಕ ಚೆಂದ ಇರಬೇಕು."

"ಚೆಂದ? ಈ ಬೋಳು ತಲಿಗೆ ಚೆಂದ ಯಾಕ ಅಜ್ಜಾ?"

"ಹೊತ್ತು ಇಳಿಯಾಕತ್ತೈತಿ. ಹೋಗು."

ಪೇಟೆಯಲ್ಲಿ ಬಾಬಾಜಾನ್ ಅವರ ಸೈಕಲ್ ಅಂಗಡಿ. ವೆಂಕೋಬ ಒಳಗೆ ಕಾಲಿಟ್ಟವನೇ ಕೇಳಿದ:

"ಹೆಲ್ಮೆಟ್ಟಿನಾಗ ಯಾರೂ ತಗೊಳ್ಳಲಾರದ್ದು ಯಾವುದೈತ್ರಿ?"

ಬಾಬಾಜಾನ್ ಕನ್ನಡಕ ಹಣೆಗೇರಿಸಿದರು.

"ಅಂಗಡಿ ಇಟ್ಟು ಇಪ್ಪತ್ತು ವರ್ಷ ಆತು ಸ್ವಾಮೇರ. ಈ ಮಾತು ಕೇಳಿದ್ದು ಇವತ್ತ."

ಆದರೂ ಅಟ್ಟ ಹತ್ತಿ ಒಂದನ್ನು ಇಳಿಸಿದರು. ಸಗಣಿ ಬಣ್ಣ. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಗಾಳಿಯಾಡಲು ಒಂದೇ ಒಂದು ತೂತಿಲ್ಲ.

ವೆಂಕೋಬ ಅದನ್ನು ತಲೆಗೆ ತುರುಕಿದ. ಕಿವಿ ಮಡಚಿಕೊಂಡವು.

"ನಿಮಗ ಸಣ್ಣದಾಗತೈತಿ ಅದು," ಅಂದರು ಬಾಬಾಜಾನ್. "ಮ್ಯಾಲ ಮ್ಯಾಲ ಕುಂತೈತಿ. ಬಿದ್ರ ಹಾರಿ ಹೋಗತೈತಿ."

"ಇರ್ಲಿ ಬಿಡ್ರಿ. ಒಂದೀಟು ನೋವು ಸಹನ ಮಾಡ್ಕೊಂಡ್ರ ಆತು."

"ನೀವು ತಲಿ ಕಾಯಾಕ ಬಂದೀರೋ, ಪಾಪ ಕಳಕೊಳ್ಳಾಕ ಬಂದೀರೋ?"

ವೆಂಕೋಬ ನಕ್ಕ. ಆದರೆ ಒಳಗೊಳಗೆ ಹಿಗ್ಗಿದ. ಇಡೀ ಪೇಟೆಯಲ್ಲಿ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಕುರೂಪದ್ದು ಸಿಗುವಂತಿರಲಿಲ್ಲ.

ಆಶ್ರಮಕ್ಕೆ ಬಂದು ಅಜ್ಜನವರ ಮುಂದೆ ಇಟ್ಟ.

"ಬಿಗಿ ಆಗತೈತೇನು?" ಅಂತ ಕೇಳಿದರು.

"ಆಗತೈತಿ. ತಪಸ್ಸು ಅಂತ ತಿಳ್ಕೋತೀನಿ ಅಜ್ಜಾ."

ಅಜ್ಜನವರು ಅದನ್ನು ತಿರುಗಿಸಿ ನೋಡಿದರು. ಅವನ ಕೈಗೇ ಕೊಟ್ಟರು.

ಐದನೆಯ ದಿನ ಮಧ್ಯಾಹ್ನ ಅಜ್ಜನವರು ಇಳಿಜಾರಿನ ಕೆಳಗೆ ಬೇವಿನ ನೆರಳಲ್ಲಿ ಕೂತಿದ್ದರು. ಮೇಲಿನಿಂದ ವೆಂಕೋಬ ಬಂದ. ಬೋಳು ತಲೆ ಬಿಸಿಲಿಗೆ ಮಿಂಚುತ್ತಿತ್ತು. ಹೆಲ್ಮೆಟ್ ಹ್ಯಾಂಡಲ್ಲಿಗೆ ಜೋತು ಬಿದ್ದಿತ್ತು.

ಗುರುವನ್ನು ಕಂಡು ಗಪ್ಪನೆ ಬ್ರೇಕ್ ಹಿಡಿದ.

"ಹ್ಯಾಂಡಲ್ಲಿಗೆ ಭಾಳ ಒಪ್ಪೈತಿ," ಅಂದರು ಅಜ್ಜನವರು.

"ಏರು ಹತ್ತೂ ಮುಂದ ತಲಿ ಸಿಡಿತೈತ್ರಿ ಅಜ್ಜಾ. ಅದಕ್ಕ ತೆಗದಿದ್ದೆ."

"ಇಳಿಯೂ ಮುಂದ?"

"ಮರತೆ."

"ಮರತಿದ್ದೋ, ಬ್ಯಾಡಾಗಿದ್ದೋ?"

ವೆಂಕೋಬ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿದ.

"ಬ್ಯಾಡಾಗಿತ್ರಿ."

ಅಜ್ಜನವರು ಎದ್ದು ಅವನ ಹೆಗಲು ಹಿಡಿದು ಆಶ್ರಮದ ಕಡೆ ನಡೆದರು. ಬಯ್ಯಲಿಲ್ಲ. ಬೈದಿದ್ದರೆ ವೆಂಕೋಬನಿಗೆ ಹಗುರಾಗುತ್ತಿತ್ತು.

ಆಶ್ರಮದ ಗೋಪಾಲ ಆಳೆತ್ತರದ ಕಲ್ಲಿನ ಮೂರ್ತಿ. ಅವನಿಗೆ ಅಲಂಕಾರ ಮಾಡುವುದೂ ವೆಂಕೋಬನೇ. ಬೆಳ್ಳಿಯ ಕಿರೀಟ ಗೋಪಾಲನ ತಲೆಗಿಂತ ಒಂದೀಟು ದೊಡ್ಡದು. ಅದಕ್ಕೆ ವೆಂಕೋಬ ದಿನಾ ನೂಲಿನಿಂದ ದೇವರ ಹಣೆ ಅಳೆದು, ಅಷ್ಟಕ್ಕೆ ಸರಿಯಾಗಿ ಕಿರೀಟದೊಳಗೆ ಹತ್ತಿ ಇಟ್ಟು, ಹತ್ತಿಯ ಮೇಲೆ ರೇಷ್ಮೆ ಸುತ್ತಿ ಏರಿಸುತ್ತಿದ್ದ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಅಲುಗಿಸಿ ನೋಡುತ್ತಿದ್ದ. ಹಿಂದೆ ಜಾರಬಾರದು, ಕಣ್ಣ ಮೇಲೆ ಇಳಿಯಬಾರದು, ಕಿವಿ ಮುಟ್ಟಬಾರದು. ನೋಡಿದವರು ಗೋಪಾಲ ಕಿರೀಟದ ಜೊತೆಗೇ ಹುಟ್ಟಿದ್ದಾನೆ ಅನ್ನುತ್ತಿದ್ದರು.

ಮರುದಿನ ಅಲಂಕಾರದ ಹೊತ್ತಿಗೆ ಅಜ್ಜನವರು ಆ ಸಗಣಿ ಬಣ್ಣದ ಹೆಲ್ಮೆಟ್ ಹಿಡಿದುಕೊಂಡು ಬಂದರು.

"ಇವತ್ತು ಕಿರೀಟ ಬ್ಯಾಡ. ಇದನ್ನ ಏರಿಸು."

ವೆಂಕೋಬನ ಕೈ ನಿಂತಿತು.

"ಚಾಷ್ಟಿ ಮಾಡಬ್ಯಾಡ್ರಿ ಅಜ್ಜಾ."

"ಚಾಷ್ಟಿ ಅಲ್ಲ. ಏರಿಸು."

"ಇದನ್ನ? ಅವನ ಕಿವಿಗೆ ಒತ್ತತೈತ್ರಿ! ಹಣಿ ಗೀರತೈತಿ! ಈ ಬ್ಯಾಸಗ್ಯಾಗ ತಲಿ ಕುದಿಯೂದಿಲ್ಲೇನ್ರಿ ಅವಗ?"

"ಒಂದೀಟು ಸಹನ ಮಾಡ್ಕೋತಾನ ಬಿಡು."

"ಅವ ಯಾಕ ಮಾಡ್ಕೋಬೇಕ್ರಿ?"

ಗುರುವಿನ ಮೇಲೆ ವೆಂಕೋಬ ದನಿ ಏರಿಸಿದ್ದು ಅದೇ ಮೊದಲು. ಅಜ್ಜನವರಿಗೆ ಅದರಿಂದ ಸಂತೋಷವೇ ಆದಂತಿತ್ತು.

"ಅವಗ ಒತ್ತತೈತಿ ಅಂತ ನಿನಗ ತಿಳೀತು. ಐದು ದಿನ ನಿನಗ ಒತ್ತಿದ್ದು ಅವಗ ತಿಳಿದಿರೂದಿಲ್ಲೇನು?"

ವೆಂಕೋಬ ಗೋಪಾಲನ ಮುಖ ನೋಡಿದ. ನೋಡುತ್ತಾ ನೋಡುತ್ತಾ ಕಣ್ಣು ತುಂಬಿ ಬಂದವು.

ಕಣ್ಣೊರೆಸಿಕೊಂಡು ಕಿರೀಟ ಏರಿಸಿ ಅಲಂಕಾರ ಮುಗಿಸಿದ. ಆಮೇಲೆ ಅದೇ ನೂಲನ್ನು ತನ್ನ ಹಣೆಗೆ ಸುತ್ತಿಕೊಂಡು, ಸೇರಿದ ಕಡೆ ಗಂಟು ಹಾಕಿದ.

ಆ ದಿನ ನಡೆದೇ ದೊಡ್ಡಿಗೆ ಹೋಗಿ ಬಂದ. ಮಾರನೆಯ ದಿನ ದುರ್ಗವ್ವನ ಪಟ್ಟಿ ಕಟ್ಟಲು ಇನ್ನೊಬ್ಬರನ್ನು ಕಳಿಸಿ ಅಜ್ಜನವರು ಅವನನ್ನು ಪೇಟೆಗೆ ಅಟ್ಟಿದರು.

"ಬಂದ್ರಾ?" ಅಂದರು ಬಾಬಾಜಾನ್. "ಅಟ್ಟದ ಮ್ಯಾಲ ಇನ್ನೊಂದು ಐತಿ. ಅದಕ್ಕ ಇಲಿ ಸುದ್ದಾ ಬಾಯಿ ಹಾಕಿಲ್ಲ."

ವೆಂಕೋಬ ಗಂಟು ಹಾಕಿದ ನೂಲನ್ನು ಮುಂದಿಟ್ಟ.

"ಈ ಅಳತಿದು ತೋರಸ್ರಿ. ಹಿಂದ ತಲಿಬುಡ ಮುಚ್ಚಬೇಕು. ಮ್ಯಾಲ ಗಾಳಿ ಆಡಬೇಕು."

ಬಾಬಾಜಾನ್ ಅವನ ಮುಖ ನೋಡಿದರು. ಹಾಸ್ಯ ಬಿಟ್ಟು ನಾಲ್ಕು ಹೆಲ್ಮೆಟ್ ಇಳಿಸಿದರು.

ವೆಂಕೋಬ ಒಂದೊಂದನ್ನೇ ಎರಡೂ ಕೈಯಲ್ಲಿ ಎತ್ತಿ, ನೇರವಾಗಿ ಏರಿಸಿಕೊಂಡ. ಹುಬ್ಬಿನಿಂದ ಮೇಲೆ ಎರಡು ಬೆರಳು ಬಿಟ್ಟು ಕೂರಿಸಿದ. ಗದ್ದದ ಪಟ್ಟಿ ಹಾಕದೆಯೇ ತಲೆ ಆಡಿಸಿದ. ಒಂದು ಜಾರಿತು. ಒಂದು ಹಣೆಯ ಮೇಲೆ ಗೆರೆ ಮೂಡಿಸಿತು. ಅವೆರಡನ್ನೂ ಪಕ್ಕಕ್ಕಿಟ್ಟ.

"ಇದನ್ನೆಲ್ಲಾ ಯಾರು ಕಲಿಸಿದ್ರು ನಿಮಗ?"

"ದಿನಾ ಮಾಡ್ತೀನ್ರಿ. ಬ್ಯಾರೆಯವರ ತಲಿಗೆ."

ಮೂರನೆಯದು ಹತ್ತಿಯಷ್ಟು ಹಗುರ. ಬೆಲೆ ಕೇಳಿ ವೆಂಕೋಬ ಅದನ್ನು ಮೆಲ್ಲಗೆ, ಎಳೆಕೂಸನ್ನು ಮಲಗಿಸಿದಂತೆ, ಕೆಳಗಿಟ್ಟ.

"ಅದಕ್ಕೂ ಇದಕ್ಕೂ ತಲಿ ಕಾಯೂದ್ರಾಗ ಫರಕ್ ಭಾಳ ಇಲ್ಲ," ಅಂದರು ಬಾಬಾಜಾನ್, ನಾಲ್ಕನೆಯದನ್ನು ಮುಂದೆ ಸರಿಸುತ್ತಾ. "ಒಳಗ ನೋಡ್ರಿ, ಪರೀಕ್ಷಾ ಪಾಸಾದ ಚೀಟಿ ಇದಕ್ಕೂ ಐತಿ. ಆ ಹೆಚ್ಚಿನ ರೊಕ್ಕ ಹಗುರಕ್ಕ, ಮತ್ತ ಹೆಸರಿಗೆ. ಒಂದು ಮಾತು ನೆನಪಿಡ್ರಿ. ಒಮ್ಮೆ ಪೆಟ್ಟು ಬಿತ್ತಂದ್ರ ಯಾವುದನ್ನ ಆದ್ರೂ ತೆಗದು ಒಗೀಬೇಕು."

ನಾಲ್ಕನೆಯದು ಕೂತಿತು. ಹಿಂದಿನ ತಿರುಪು ತಿರುಗಿಸಿದಾಗ ಮಾತ್ರ ವೆಂಕೋಬ "ಅಯ್ಯಯ್ಯೋ" ಅಂದ. ಬೋಳು ತಲೆಯ ಹಿಂದೆ ಬಿಟ್ಟಿದ್ದ ಜುಟ್ಟು ಸಿಕ್ಕಿಕೊಂಡಿತ್ತು.

"ಈ ಸಂದಿನಾಗಿಂದ ಹೊರಗ ಬಿಡ್ರಿ ಅದನ್ನ. ಅದಕ್ಕೂ ಗಾಳಿ ಬೇಕಲ್ಲ," ಅಂದು ಬಾಬಾಜಾನ್ ತಾವೇ ಜುಟ್ಟನ್ನು ಬಿಡಿಸಿ ಹೊರಗೆಳೆದರು. "ಬಣ್ಣ ಯಾವುದು? ಕರೀದೈತಿ, ಬೂದಿ ಬಣ್ಣ ಐತಿ, ಹಳದಿ ಐತಿ."

ವೆಂಕೋಬನ ಬಾಯಲ್ಲಿ ಬೂದಿ ಅನ್ನುವ ಮಾತು ಬಂದೇ ಬಿಟ್ಟಿತ್ತು. ತಡೆದುಕೊಂಡ. ಅಂಗಡಿಯ ಕನ್ನಡಿಯ ಮುಂದೆ ನಿಂತ. ಕನ್ನಡಿ ನೋಡಿ ಆರು ವರ್ಷವಾಗಿತ್ತು. ಮೂರನ್ನೂ ಹಾಕಿಕೊಂಡು ನೋಡಿದ.

"ಹಳದಿ ಕೊಡ್ರಿ," ಅಂದ. ಅನ್ನುವಾಗ ಕಿವಿ ಕೆಂಪಾದವು.

ಆಶ್ರಮದಲ್ಲಿ ಅಜ್ಜನವರು ಹೆಲ್ಮೆಟ್ ನೋಡಿ ಹೇಳಿದ್ದು ಇಷ್ಟೇ: "ಹಾಕ್ಕೊಂಡು ಜಪಕ್ಕ ಕುಂದ್ರು."

ವೆಂಕೋಬ ಕೂತ. ಒಂದು ಮಾಲೆ ಮುಗಿಯಿತು, ಎರಡು ಮುಗಿಯಿತು. ಮೂರನೆಯದು ಮುಗಿಸಿ ಎದ್ದು ಎಲೆ ಹಾಕಿದ, ನೀರಿಟ್ಟ, ಬಡಿಸಿದ. ಪಂಕ್ತಿಯಲ್ಲಿ ಕೂತವರು ಬಾಯಿಗೆ ಪಂಚೆ ಒತ್ತಿಕೊಂಡು ನಗುತ್ತಿದ್ದರು. ಯಾಕೆಂದು ಅವನಿಗೆ ತಿಳಿಯಲಿಲ್ಲ.

"ಸಾರಿನ ಬೋಗಾಣಿ ತಲಿ ಮ್ಯಾಲ ಬೀಳತೈತಿ ಅಂತ ಹೆದರಿಕಿ ಏನಪಾ?" ಅಂದರು ಅಜ್ಜನವರು.

ವೆಂಕೋಬ ತಲೆ ಮುಟ್ಟಿ ನೋಡಿಕೊಂಡ. ಹಾಕಿಕೊಂಡದ್ದು ಮರೆತೇ ಹೋಗಿತ್ತು.

ಊಟವಾದ ಮೇಲೆ ಅಜ್ಜನವರ ಕಾಲ ಬಳಿ ಕೂತ.

"ಬೆಲಿ ತಿಳೀತು ಅಜ್ಜಾ. ಹಗುರಾಗಿರಬೇಕು ಅನ್ನೂದೂ ತಿಳೀತು. ಚೆಂದ ಯಾಕ ಅನ್ನೂದು ಇನ್ನೂ ತಿಳೀಲಿಲ್ಲ. ನನ್ನ ತಲಿ ಮ್ಯಾಲಿಂದು ನನಗ ಕಾಣೂದು ಸುದ್ದಾ ಇಲ್ಲ."

"ನಿನಗ ಕಾಣೂದಿಲ್ಲ. ದುರ್ಗವ್ವಗ ಕಾಣತೈತಿ. ಮಲಕೊಂಡಾಕಿಗೆ ಹಗಲೆಲ್ಲಾ ಒಂದ ಬಾಗಲಾ. ಆ ಬಾಗಲದಾಗ ದಿನಕ್ಕೊಮ್ಮೆ ಬರಾಂವ ನೀ ಒಬ್ಬನ."

ವೆಂಕೋಬ ಕಾಲು ಒತ್ತತೊಡಗಿದ.

"ಮತ್ತ ಬೇವಿನ ಬುಡಕ ಕುಂತಾಂವಗೂ ಕಾಣತೈತಿ," ಅಂದು ಅಜ್ಜನವರು ಕಣ್ಣು ಮುಚ್ಚಿದರು.

ಮುಂದೆ ದೊಡ್ಡಿಯಲ್ಲಿ ದುರ್ಗವ್ವ ಅವನ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. ದೂರದಲ್ಲಿ ಹಳದಿ ಕಂಡ ಕೂಡಲೇ "ಚೆಂಡುಹೂವು ಬಂತು ನೋಡ್ರೇ" ಅನ್ನುತ್ತಿದ್ದಳು. ಗೋಪಾಲನ ದಯೆಯಿಂದ ಹುಣ್ಣು ಅಂಚಿನಿಂದ ಒಣಗುತ್ತಾ ಬಂತು.

ಎರಡು ತಿಂಗಳು ಕಳೆಯಿತು. ಮೊದಲ ಹನಿ ಬಿದ್ದು ಕಲ್ಲುಗಳು ನುಣುಪಾದವು.

ಆ ದಿನ ನೈವೇದ್ಯದ ಹೊತ್ತು ಮೀರಿತು. ಅಜ್ಜನವರು ಬೇವಿನ ಬುಡದಿಂದ ಏಳಲಿಲ್ಲ. ಯಾರೋ ಬಂದು ಊಟಕ್ಕೆ ಕರೆದರು. ಕೈಸನ್ನೆಯಿಂದಲೇ ಬೇಡ ಅಂದರು.

ವೆಂಕೋಬ ಸೈಕಲ್ಲು ತಳ್ಳಿಕೊಂಡು ಇನ್ನೊಂದು ದಾರಿಯಿಂದ, ಹೊಳೆಯ ಕಡೆಯಿಂದ ಬಂದಿದ್ದ. ನೆಟ್ಟಗೆ ಗುಡಿಯೊಳಗೆ ಹೋದ.

ಸುದ್ದಿ ತಿಳಿದು ಅಜ್ಜನವರು ಬಂದಾಗ ಗೋಪಾಲನ ಪಕ್ಕದಲ್ಲಿ ಒಂದು ಮಣೆ. ಮಣೆಯ ಮೇಲೆ ಹಳದಿ ಹೆಲ್ಮೆಟ್. ಅದಕ್ಕೆ ಗಂಧ, ಕುಂಕುಮ. ನೆತ್ತಿಯ ಮೇಲೆ ಒಂದು ಕಣಗಿಲ ಹೂವು. ವೆಂಕೋಬ ಕೈ ಮುಗಿದು ಕೂತಿದ್ದ.

"ಯಾರಪಾ ಈ ಹೊಸ ದೇವರು?"

"ಗಾಲಿ ಕಲ್ಲಿನ ಸಂದಿನಾಗ ಸಿಕ್ಕಿತ್ರಿ ಅಜ್ಜಾ. ಹ್ಯಾಂಡಲ್ ಮ್ಯಾಲಿಂದ ಹಾರಿ ಬಿದ್ದೆ, ತಲಿ ಕೆಳಗಾಗಿ. ನೋಡ್ರಿ, ಈ ಕಡಿಂದ ಆ ಕಡಿತನಕ ಸೀಳೇತಿ. ನನ್ನ ಉಳಿಸೇತ್ರಿ ಇದು. ಇನ್ನ ದಿನಾ ಇದಕ್ಕೊಂದು ಹೂವು ಏರಸ್ತೀನಿ."

"ನಾಳೆ ಏನು ಹಾಕ್ಕೊಂಡು ಹೋಗ್ತಿ?"

"ಇದನ್ನ. ಅಂಟು ಹಚ್ಚಿದ್ರ ಕೂಡತೈತಿ."

"ಬಾಬಾಜಾನ್ ಏನು ಹೇಳಿದ್ರು?"

ವೆಂಕೋಬ ದನಿ ತಗ್ಗಿಸಿದ. "ಪೆಟ್ಟು ತಿಂದದ್ದನ್ನ ಒಗೀರಿ ಅಂದ್ರು. ಹ್ಯಾಂಗ ಒಗೀಲಿ ಅಜ್ಜಾ ಇದನ್ನ?"

"ಇನ್ನೊಂದು ತರಾಕ ಕೈ ಎಟುಕತೈತಿ. ಅದಕ್ಕ ಅಂಥಾದ್ದು ತಗೋ ಅಂದಿದ್ದೆ. ಇಲ್ಲಿ ಬಾ."

ವೆಂಕೋಬ ಎದ್ದು ಬಂದ.

"ಕುಂದ್ರು. ತಲಿ ತಾ."

ಅಜ್ಜನವರು ಎರಡೂ ಕೈಯಿಂದ ಅವನ ತಲೆ ಹಿಡಿದರು. ಹಣೆ ಮುಟ್ಟಿದರು. ನೆತ್ತಿ ಸವರಿದರು. ಕಿವಿಯ ಹಿಂದೆ, ಜುಟ್ಟಿನ ಬುಡದಲ್ಲಿ, ಕತ್ತಿನ ಕುಳಿಯಲ್ಲಿ ಬೆರಳಿಟ್ಟು ಒತ್ತಿ ನೋಡಿದರು. ಎಲ್ಲೂ ಬಾವು ಇರಲಿಲ್ಲ. ಮತ್ತೆ ಹಣೆಯಿಂದ ಶುರು ಮಾಡಿದರು.

"ಅಜ್ಜಾ, ಹಣಿ ಆಗಲೇ ನೋಡಿದ್ರಿ."

"ವಯಸ್ಸಾತಪಾ. ಮರತೆ."

"ಮುಂಜಾನೆ ಎಣ್ಣಿ ಸೋಸೂ ಮುಂದ ಏನೂ ಮರತಿದ್ದಿಲ್ಲ."

ಅಜ್ಜನವರು ಅವನ ತಲೆ ಬಿಟ್ಟರು. ಎದ್ದು ಮಣೆಯ ಹತ್ತಿರ ಹೋದರು. ಹೆಲ್ಮೆಟ್ಟಿನ ಮೇಲಿದ್ದ ಕಣಗಿಲ ಹೂವನ್ನು ಎತ್ತಿಕೊಂಡು ಬಂದು ವೆಂಕೋಬನ ಬೋಳು ನೆತ್ತಿಯ ಮೇಲೆ ಇಟ್ಟರು. ಜಾರದ ಹಾಗೆ ಬೆರಳಿನಿಂದ ಮೆಲ್ಲಗೆ ಸರಿಮಾಡಿದರು.

"ಹೂವು ಏರಿಸೋ ಜಾಗ ಒಂದೀಟು ತಪ್ಪಿತ್ತು, ಮಗಾ."